ಕೋಲಾರವೋ, ಮಾಲೂರೋ, ಹೊಸಕೋಟೆಯೋ: ನರಸಾಪುರಕ್ಕೆ ಕೆಲಸಕ್ಕೆ ಬಂದ ಕುಟುಂಬವೊಂದರ ವಾಸದ ಆಯ್ಕೆ

ಹಿನ್ನೆಲೆ

ಕೋಲಾರ ತಾಲ್ಲೂಕಿನ ನರಸಾಪುರ ಕೈಗಾರಿಕಾ ಪ್ರದೇಶವು ಬೆಂಗಳೂರಿನಿಂದ ಮುಳಬಾಗಿಲಿನ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 75ರ ಮಗ್ಗುಲಿಗಿದೆ. ಹೋಂಡಾ ದ್ವಿಚಕ್ರ ವಾಹನ ಘಟಕವು 2013ರಲ್ಲಿ ಇಲ್ಲಿ ಉತ್ಪಾದನೆ ಆರಂಭಿಸಿದ ಕಾಲದಿಂದ ಈಚೆಗೆ ಈ ಭಾಗಕ್ಕೂ, ಇದರ ಉತ್ತರದ ವೇಮಗಲ್ ಕಡೆಗೂ ಬಗೆಬಗೆಯ ಕಾರ್ಖಾನೆಗಳು ಬಂದಿವೆ. ರಾಗಿ, ರೇಷ್ಮೆ, ಟೊಮೆಟೊ ಬೆಳೆಯುತ್ತಿದ್ದ ಹಳ್ಳಿಗಳ ಅಂಚಿನಲ್ಲಿ ಈಗ ಕಾರ್ಮಿಕರಿಗೆಂದೇ ಕಟ್ಟಿದ ಒಂಟಿ ಕೋಣೆಗಳ ಸಾಲುಗಳಿವೆ. ಒಬ್ಬಂಟಿಯಾಗಿ ಬಂದವರಿಗೆ ಅವು ಸಾಕು. ಸಂಸಾರದೊಡನೆ ಬರುವವರು ಮಾತ್ರ ಸುತ್ತಲಿನ ಪಟ್ಟಣಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ. ಇಲ್ಲಿನ ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಲ್ಲಿರುವ ನನಗೆ, ಹೊಸದಾಗಿ ಸೇರಿದವರು ಸಂಬಳದ ಮಾತು ಮುಗಿದ ಕೂಡಲೇ ಕೇಳುವ ಪ್ರಶ್ನೆ ಒಂದೇ: “ಸಾರ್, ಮನೆ ಎಲ್ಲಿ ಮಾಡೋದು?”

ಇಲ್ಲಿ ಬರೆಯುತ್ತಿರುವುದು ಆ ಪ್ರಶ್ನೆಗೆ ಎರಡು ವರ್ಷಗಳ ಅಂತರದಲ್ಲಿ ಎರಡು ಬೇರೆ ಉತ್ತರಗಳನ್ನು ಕಂಡುಕೊಂಡ ಒಂದು ಕುಟುಂಬದ ಪ್ರಕರಣ. ಅವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗದಂತೆ ಕೆಲವು ವೈಯಕ್ತಿಕ ವಿವರಗಳನ್ನು ಬದಲಿಸಿದ್ದೇನೆ. ಊರುಗಳು, ದಾರಿಗಳು ಮತ್ತು ನಿರ್ಧಾರಗಳು ಇದ್ದಂತೆಯೇ ಇವೆ.

ದಾವಣಗೆರೆಯಿಂದ 2023ರ ಬೇಸಿಗೆಯಲ್ಲಿ ಬಂದ ಈ ಮನೆಯಲ್ಲಿ ನಾಲ್ವರಿದ್ದರು. ಪತಿ ಯಂತ್ರ ನಿರ್ವಹಣಾ ವಿಭಾಗದ ಮೇಲ್ವಿಚಾರಕರು. ಮೂರು ಪಾಳಿಯ ಕೆಲಸ. ಪತ್ನಿ ದಾವಣಗೆರೆಯ ಖಾಸಗಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಬಹುಕಾಲ ಟೆಕ್ನಿಷಿಯನ್ ಆಗಿದ್ದವರು, ಪತಿಯ ವರ್ಗಾವಣೆಗಾಗಿ ಆ ಕೆಲಸ ಬಿಟ್ಟು ಬಂದರು. ಮಗಳು ಕನ್ನಡ ಮಾಧ್ಯಮದಲ್ಲಿ ಎಂಟನೆಯ ತರಗತಿ ಮುಗಿಸಿದ್ದಳು. ಪತಿಯ ತಾಯಿಗೆ ಎಪ್ಪತ್ತರ ಹತ್ತಿರದ ವಯಸ್ಸು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇದ್ದವು. ಮನೆಯಲ್ಲಿ ಒಂದು ಸ್ಕೂಟರ್ ಇತ್ತು, ಕಾರಿರಲಿಲ್ಲ. ಮುಂದೆ ನಡೆದದ್ದರಲ್ಲಿ ಬಹುಪಾಲು ಈ ಕೊನೆಯ ಸಂಗತಿಯಿಂದಲೇ ಹುಟ್ಟಿತು.

ಮುಂದಿದ್ದ ಊರುಗಳು

ನರಸಾಪುರವನ್ನು ನಡುವೆ ಇಟ್ಟುಕೊಂಡರೆ ಪೂರ್ವಕ್ಕೆ ಕೋಲಾರ, ದಕ್ಷಿಣಕ್ಕೆ ಮಾಲೂರು, ಪಶ್ಚಿಮಕ್ಕೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಹೊಸಕೋಟೆ. ಕೋಲಾರವೂ ಮಾಲೂರೂ 20 ಕಿಲೋಮೀಟರಿನ ಒಳಗೇ ಇವೆ. ಹೊಸಕೋಟೆ ಅದಕ್ಕಿಂತ ಸ್ವಲ್ಪ ದೂರ. ಬಂಗಾರಪೇಟೆಯನ್ನೂ ಕೆಲವರು ಹೆಸರಿಸುತ್ತಾರೆ, ಆದರೆ ಅಲ್ಲಿಂದ ಬರುವವರು ಕೋಲಾರವನ್ನು ದಾಟಿಯೇ ಬರಬೇಕಾದುದರಿಂದ ಈ ಕುಟುಂಬ ಅದನ್ನು ಮೊದಲೇ ಕೈಬಿಟ್ಟಿತು.

ಕೋಲಾರ ಜಿಲ್ಲಾ ಕೇಂದ್ರ. ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಊರೊಳಗಿದೆ. ಹೆದ್ದಾರಿಯ ಬದಿಯ ಟಮಕದಲ್ಲಿ ವೈದ್ಯಕೀಯ ಕಾಲೇಜು ಮತ್ತು ಅದರ ಆಸ್ಪತ್ರೆಯಿದೆ. ಶಾಲೆ, ಪಿಯು ಕಾಲೇಜು, ಕಚೇರಿ, ಸಂತೆ, ಕೋಲಾರಮ್ಮನ ಗುಡಿ, ಸೋಮೇಶ್ವರ ದೇವಸ್ಥಾನ, ಬೆನ್ನಿಗೆ ಅಂತರಗಂಗೆ ಬೆಟ್ಟ: ಸಂಸಾರಕ್ಕೆ ಬೇಕಾದುದೆಲ್ಲ ಆಟೋ ದೂರದಲ್ಲಿ ಸಿಗುತ್ತದೆ. ಬೆಂಗಳೂರಿಗೆ ಬಸ್ಸಿನ ಅಭಾವವಿಲ್ಲ, ಆದರೆ ಹಾದಿ ಸುಮಾರು 70 ಕಿಲೋಮೀಟರ್. ರೈಲಿನ ವಿಷಯದಲ್ಲಿ ಕೋಲಾರ ಹಿಂದೆ. ಬಂಗಾರಪೇಟೆಯಿಂದ ಕೋಲಾರದ ಮೂಲಕ ಚಿಕ್ಕಬಳ್ಳಾಪುರದ ಕಡೆಗೆ ಹೋಗುವ ಹಳೆಯ ಕಿರುಹಳಿಯ ದಾರಿ 2013ರಲ್ಲಿ ಪೂರ್ತಿಯಾಗಿ ಬ್ರಾಡ್‌ಗೇಜ್ ಆಯಿತಾದರೂ, ಬೆಂಗಳೂರಿಗೆ ದಿನವೂ ಹೋಗಿ ಬರುವವರಿಗೆ ಅದು ಸುತ್ತುದಾರಿಯೇ.

ಮಾಲೂರು ಹೆಂಚು, ಇಟ್ಟಿಗೆ, ಹೂವಿನ ಊರೆಂದು ಹೆಸರಾದ ತಾಲ್ಲೂಕು ಕೇಂದ್ರ. ಅದರ ದೊಡ್ಡ ಬಲ ಬೆಂಗಳೂರು–ಚೆನ್ನೈ ಮುಖ್ಯ ರೈಲುಮಾರ್ಗದಲ್ಲಿರುವ ನಿಲ್ದಾಣ. ಕೆಜಿಎಫ್, ಬಂಗಾರಪೇಟೆ ಕಡೆಯಿಂದ ಬೆಳಗಿನ ಹೊತ್ತು ಬೆಂಗಳೂರಿಗೆ ದುಡಿಯಲು ಹೋಗುವವರನ್ನು ಹೊತ್ತೊಯ್ಯುವ ರೈಲುಗಳು ಮಾಲೂರು, ದೇವನಗೊಂದಿ ದಾಟಿ ವೈಟ್‌ಫೀಲ್ಡ್ ಮುಟ್ಟುತ್ತವೆ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲಂತೂ ಈ ರೈಲುಗಳು ಆ ಭಾಗದ ಎಷ್ಟೋ ಮನೆಗಳ ಅನ್ನದ ದಾರಿಯಾಗಿವೆ. 2023ರ ಮಾರ್ಚ್‌ನಲ್ಲಿ ಕೆ.ಆರ್. ಪುರ–ವೈಟ್‌ಫೀಲ್ಡ್ ಮೆಟ್ರೊ ಆರಂಭವಾಗಿ, ಅದರ ಕೊನೆಯ ನಿಲ್ದಾಣ ವೈಟ್‌ಫೀಲ್ಡ್ ರೈಲು ನಿಲ್ದಾಣದ ಹತ್ತಿರವೇ ಬಂದುದರಿಂದ ಮಾಲೂರಿನ ಬೆಲೆ ಇನ್ನಷ್ಟು ಏರಿತು.

ಹೊಸಕೋಟೆಗೆ ಬಿಎಂಟಿಸಿ ಬಸ್ಸು ಬರುತ್ತದೆ, ಬೆಂಗಳೂರಿನ ಬಾಡಿಗೆಯೂ ಬರುತ್ತದೆ. ನೆಂಟರಿಷ್ಟರು ‘ಬೆಂಗಳೂರಲ್ಲೇ ಇದ್ದ ಹಾಗೆ’ ಎಂದು ಒತ್ತಾಯಿಸುವ ಊರು ಇದೇ.

ನೀರಿನ ಮಾತನ್ನು ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ತುಂಗಭದ್ರೆಯ ಬಯಲಿನಿಂದ ಬಂದವರಿಗೆ ಇದರ ಕಲ್ಪನೆ ಇರುವುದಿಲ್ಲ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ, ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯನೀರು ಕೆರೆಗಳಿಗೆ ಬಂದು ಕೊಳವೆಬಾವಿಗಳಿಗೆ ಜೀವ ಬಂದಿದ್ದರೂ ಅದು ನೇರವಾಗಿ ಕುಡಿಯುವ ನೀರಲ್ಲ. ಕೋಲಾರ, ಮಾಲೂರು, ಬಂಗಾರಪೇಟೆ ಪಟ್ಟಣಗಳಿಗೆ ಕುಡಿಯುವ ನೀರು ಕೊಡಲೆಂದು ಕಟ್ಟಿದ ಯರಗೋಳ್ ಅಣೆಕಟ್ಟೆ ಉದ್ಘಾಟನೆಯಾದದ್ದು 2023ರ ನವೆಂಬರಿನಲ್ಲಿ, ಎಂದರೆ ಈ ಕುಟುಂಬ ಬಂದು ಕೆಲವು ತಿಂಗಳಾದ ಮೇಲೆ. ಆದ್ದರಿಂದ ಮನೆ ನೋಡುವಾಗ ಎಷ್ಟು ಕೋಣೆ ಎಂದು ಕೇಳುವುದಕ್ಕಿಂತ ಮೊದಲು ಸಂಪು ಎಷ್ಟು ದೊಡ್ಡದು, ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ, ಟ್ಯಾಂಕರಿನವರು ಒಳರಸ್ತೆಗೆ ಬರುತ್ತಾರೆಯೇ ಎಂದು ಕೇಳುವುದು ಇಲ್ಲಿನ ರೂಢಿ.

ಮೊದಲ ನಿರ್ಧಾರ ಮತ್ತು ಭೋಗ್ಯದ ಮನೆ

ಮೊದಲ ಸಲ ಊರು ಆರಿಸಿದವರು ಪತಿ. ಕಾರ್ಖಾನೆಯ ಬಸ್ಸು ಮೂರೂ ಪಾಳಿಗೆ ಕೋಲಾರದಿಂದ ಹೊರಡುತ್ತದೆ, ತಾಯಿಗೆ ಆಸ್ಪತ್ರೆ ಹತ್ತಿರ, ಮಗಳಿಗೆ ಕನ್ನಡ ಮಾಧ್ಯಮದ ಪ್ರೌಢಶಾಲೆಗಳಿವೆ, ಜೊತೆಗಾರರಲ್ಲಿ ಹೆಚ್ಚಿನವರು ಅಲ್ಲೇ ಇದ್ದಾರೆ ಎಂಬ ಕಾರಣಗಳಿಂದ ಅವರು ಟಮಕದ ಕಡೆಯ ಬಡಾವಣೆಯೊಂದನ್ನು ಆರಿಸಿದರು. ಪತ್ನಿಯ ಉದ್ಯೋಗದ ಬಗ್ಗೆ ಆಗ ಮನೆಯಲ್ಲಿ ಆದ ಮಾತು “ಅದನ್ನ ಆಮೇಲೆ ನೋಡೋಣ” ಎಂಬಷ್ಟೇ. ಅಲ್ಲಿ ಯಾರೂ ಅವರನ್ನು ಕಡೆಗಣಿಸಲಿಲ್ಲ ಎಂಬುದನ್ನು ಸ್ಪಷ್ಟಪಡಿಸಬೇಕು. ಜಿಲ್ಲಾ ಕೇಂದ್ರದಲ್ಲಿ ಪ್ರಯೋಗಾಲಯಗಳಿಗೇನು ಕೊರತೆ ಎಂದು ಅವರೂ ನಂಬಿದ್ದರು.

ಈ ನಿರ್ಧಾರದಲ್ಲಿ ಊರಿನ ಆಯ್ಕೆ ಆಕ್ಷೇಪಾರ್ಹವಾಗಿರಲಿಲ್ಲ. ತೊಡಕಾದದ್ದು ಮನೆ ಹಿಡಿದ ರೀತಿ. ಮಾಲೀಕರು ಬಾಡಿಗೆಯ ಬದಲು ಮೂರು ವರ್ಷದ ಭೋಗ್ಯಕ್ಕೆ ಮನೆ ಕೊಡಲು ಮುಂದಾದರು. ಒಟ್ಟಿಗೆ ಒಂದು ದೊಡ್ಡ ಮೊತ್ತ ಕೊಟ್ಟರೆ ಮೂರು ವರ್ಷ ಬಾಡಿಗೆಯಿಲ್ಲ, ಬಿಡುವಾಗ ಹಣ ವಾಪಸ್. ದಾವಣಗೆರೆಯ ಸೈಟು ಮಾರಿದ ಹಣ ಕೈಯಲ್ಲಿತ್ತು. ತಿಂಗಳ ಬಾಡಿಗೆ ಉಳಿಯುತ್ತದೆ ಎಂಬ ಲೆಕ್ಕ ಕಣ್ಣಿಗೆ ಚೆನ್ನಾಗಿ ಕಂಡಿತು. ಕರಾರನ್ನು ಛಾಪಾ ಕಾಗದದ ಮೇಲೆ ಬರೆದು ಸಹಿ ಮಾಡಿದರು, ನೋಂದಣಿ ಮಾಡಿಸಲಿಲ್ಲ. ಒಂದು ವರ್ಷವನ್ನು ಮೀರಿದ ಮನೆ ಕರಾರಿಗೆ ನೋಂದಣಿ ಕಡ್ಡಾಯವೆಂಬುದು ಹಳೆಯ ಕಾನೂನು. ಊರಲ್ಲೆಲ್ಲ ಹನ್ನೊಂದು ತಿಂಗಳ ಕರಾರು ಚಾಲ್ತಿಯಲ್ಲಿರುವುದೂ ಅದರಿಂದಲೇ. ಅವಧಿಗೆ ಮೊದಲೇ ಮನೆ ಬಿಟ್ಟರೆ ಹಣ ಯಾವಾಗ ಕೊಡಬೇಕು ಎಂಬುದರ ಬಗ್ಗೆ ಆ ಕಾಗದದಲ್ಲಿ ಒಂದು ಸಾಲೂ ಇರಲಿಲ್ಲ.

ಮೊದಲ ವರ್ಷ ಸುಗಮವಾಗಿಯೇ ಸಾಗಿತು. ಪಾಳಿ ಯಾವುದಿದ್ದರೂ ಪತಿಗೆ ಬಸ್ಸಿತ್ತು. ಮಗಳು ಒಂಬತ್ತನೆಯ ತರಗತಿಗೆ ಸೇರಿ ಬೇಗ ಹೊಂದಿಕೊಂಡಳು. ತಾಯಿಯ ವಿಷಯದಲ್ಲಿ ಎಲ್ಲರಿಗೂ ಆತಂಕವಿತ್ತು, ಏಕೆಂದರೆ ಕೋಲಾರದ ಬೀದಿಯಲ್ಲಿ ಕನ್ನಡದಷ್ಟೇ ಸಲೀಸಾಗಿ ತೆಲುಗು ಕಿವಿಗೆ ಬೀಳುತ್ತದೆ. ಕ್ಲಾಕ್ ಟವರ್ ಹತ್ತಿರ ಸೊಪ್ಪು ಮಾರುವಾಕೆ ಮೊದಲ ದಿನ “ಏಮಿ ಕಾವಾಲಮ್ಮಾ?” ಎಂದಾಗ ಇವರು ಗೊಂದಲಗೊಂಡು ನಿಂತರಂತೆ. ಆಕೆ ಮರುಕ್ಷಣವೇ “ದಂಟು ಬೇಕಾ, ಕೀರೆ ಬೇಕಾ?” ಎಂದು ಕನ್ನಡಕ್ಕೆ ಹೊರಳಿದಳು. ಆರು ತಿಂಗಳಲ್ಲಿ ಇಬ್ಬರೂ ಒಬ್ಬರ ಮನೆಯ ಸಮಾಚಾರ ಇನ್ನೊಬ್ಬರಿಗೆ ತಿಳಿಯುವಷ್ಟು ಪರಿಚಿತರಾದರು. ತಾಯಿ ಪ್ರತಿ ಶುಕ್ರವಾರ ನೆರೆಮನೆಯವರೊಡನೆ ಕೋಲಾರಮ್ಮನ ಗುಡಿಗೆ ಹೋಗತೊಡಗಿದರು. ಸಕ್ಕರೆ ಪರೀಕ್ಷೆಗೆ ಯಾರನ್ನೂ ಕಾಯದೆ ಆಟೋ ಹತ್ತಿ ಆಸ್ಪತ್ರೆಗೆ ಹೋಗಿ ಬರುತ್ತಿದ್ದರು.

ಸಮಸ್ಯೆ

ಸಮಸ್ಯೆ ಶುರುವಾದದ್ದು ನಾಲ್ವರಲ್ಲಿ ಸುಮ್ಮನಿದ್ದ ಒಬ್ಬರಿಂದ. ಪತ್ನಿಗೆ ಕೋಲಾರದಲ್ಲಿ ಸಿಕ್ಕ ಕೆಲಸದ ಸಂಬಳ ದಾವಣಗೆರೆಯಲ್ಲಿ ಸಿಗುತ್ತಿದ್ದುದರ ಅರ್ಧದಷ್ಟಿತ್ತು; ಕೆಲಸವೂ ರಕ್ತದ ಮಾದರಿ ಸಂಗ್ರಹಿಸಿ ಬೆಂಗಳೂರಿಗೆ ಕಳಿಸುವುದಕ್ಕೆ ಸೀಮಿತವಾಗಿತ್ತು. ಅವರ ಅನುಭವಕ್ಕೆ ತಕ್ಕ ಕೆಲಸ ವೈಟ್‌ಫೀಲ್ಡ್ ಕಡೆಯ ಪ್ರಯೋಗಾಲಯವೊಂದರಲ್ಲಿ ದೊರೆತಾಗ, ಎರಡನೆಯ ವರ್ಷದ ಆರಂಭದಲ್ಲಿ ಅವರು ಅದನ್ನು ಒಪ್ಪಿಕೊಂಡರು.

ಒಪ್ಪಿಕೊಳ್ಳುವುದಕ್ಕೆ ಧೈರ್ಯ ಕೊಟ್ಟ ಸಂಗತಿಗಳಲ್ಲಿ ಶಕ್ತಿ ಯೋಜನೆಯೂ ಒಂದು. 2023ರ ಜೂನ್‌ನಿಂದ ಸರ್ಕಾರಿ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟ್ ದರವಿಲ್ಲ. ಕೋಲಾರದಿಂದ ಕೆ.ಆರ್. ಪುರದವರೆಗಿನ ಬಸ್ಸಿಗೆ ಶೂನ್ಯ ಮೊತ್ತದ ಟಿಕೆಟ್, ಅಲ್ಲಿಂದ ವೈಟ್‌ಫೀಲ್ಡ್ ಕಡೆಗೆ ಮೆಟ್ರೊ. ಖರ್ಚಿನ ಪಟ್ಟಿಯಲ್ಲಿ ಈ ಪ್ರಯಾಣ ಬಹುತೇಕ ಕಾಣಿಸುವುದೇ ಇಲ್ಲ. ಆದರೆ ಅವರ ದಿನದ ಐದು ಗಂಟೆ ರಸ್ತೆಗೆ ಹೋಗುತ್ತಿತ್ತು. ಈ ಯೋಜನೆ ಸಾವಿರಾರು ಹೆಂಗಸರನ್ನು ಮನೆಯಿಂದ ಹೊರಗೆ ದುಡಿಯಲು ಕಳಿಸಿದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಹಣ ಕೊಡದ ಪ್ರಯಾಣದ ಭಾರ ಮನೆಯ ಉಳಿದವರ ಅರಿವಿಗೆ ತಡವಾಗಿ ಬರುತ್ತದೆ ಎಂಬುದನ್ನು ಈ ಪ್ರಕರಣದಲ್ಲಿ ನೋಡಿದೆ. ತಿಂಗಳಿಗೆ ನಾಲ್ಕು ಸಾವಿರ ಬಸ್ಸಿಗೇ ಹೋಗುತ್ತಿದ್ದರೆ ಮನೆಯವರು ಮೊದಲ ತಿಂಗಳಲ್ಲೇ ಕುಳಿತು ಮಾತನಾಡುತ್ತಿದ್ದರೇನೋ.

ಇದೇ ವರ್ಷ ಮಗಳು ಹತ್ತನೆಯ ತರಗತಿ. ಪತ್ನಿ ಬೆಳಗ್ಗೆ ಅವಳು ಏಳುವ ಮೊದಲೇ ಹೊರಟು, ರಾತ್ರಿ ಅವಳ ಊಟ ಮುಗಿದ ಮೇಲೆ ಬರುತ್ತಿದ್ದರು. ಪತಿಗೆ ರಾತ್ರಿ ಪಾಳಿ ಬಿದ್ದ ವಾರ ಗಂಡ ಹೆಂಡತಿ ಮುಖ ನೋಡುತ್ತಿದ್ದುದು ಭಾನುವಾರ ಮಾತ್ರ. ಅಡುಗೆ, ನೀರು ಹಿಡಿಯುವುದು, ಮೊಮ್ಮಗಳ ಡಬ್ಬಿ ಎಲ್ಲವೂ ಅಜ್ಜಿಯ ಹೆಗಲಿಗೆ ಬಿತ್ತು. ದೀಪಾವಳಿಯ ಹೊತ್ತಿಗೆ ಪತ್ನಿ ಕೆಲಸ ಬಿಡುವ ಪತ್ರ ಬರೆದಿಟ್ಟಿದ್ದರು. ಅದೇ ಹೊತ್ತಿಗೆ ಪತಿ ನನ್ನ ಬಳಿಗೆ ಬಂದರು. ಕೇಳಿದ್ದು ಪಾಳಿ ಬದಲಾವಣೆ. ಸಾಮಾನ್ಯ ಪಾಳಿ ಸಿಕ್ಕರೆ ಮನೆಯನ್ನು ತಾವೇ ನೋಡಿಕೊಳ್ಳಬಹುದು ಎಂದರು. ಅವರ ವಿಭಾಗದಲ್ಲಿ ಅದು ಸಾಧ್ಯವಿರಲಿಲ್ಲ.

ಮಾಡಿ ನೋಡಿದ್ದು

ಮೊದಲು ಪರಿಶೀಲಿಸಿದ್ದು ಪ್ರಯಾಣದ ದಾರಿಯನ್ನು ಬದಲಿಸುವುದನ್ನು. ಹೊಸಕೋಟೆಯಲ್ಲಿ ಇಳಿದು ವೈಟ್‌ಫೀಲ್ಡ್ ಪಕ್ಕದ ಕಾಡುಗೋಡಿ ಕಡೆಯ ಬಸ್ಸು ಹಿಡಿಯುವುದು ನಕಾಶೆಯಲ್ಲಿ ಹತ್ತಿರದ ದಾರಿ. ಆದರೆ ಬೆಳಗಿನ ಲಾರಿಗಳ ನಡುವೆ ಎರಡನೆಯ ಬಸ್ಸು ಯಾವಾಗ ಬರುತ್ತದೆ, ಯಾವಾಗ ಮುಟ್ಟುತ್ತದೆ ಎಂಬುದು ದಿನಕ್ಕೊಂದು ತೆರನಾಗಿತ್ತು. ಕೋಲಾರದಿಂದ ಬಂಗಾರಪೇಟೆಗೆ ಬಸ್ಸಿನಲ್ಲಿ ಹೋಗಿ ರೈಲು ಹಿಡಿಯುವುದನ್ನೂ ಪ್ರಯತ್ನಿಸಿ ಒಂದು ವಾರಕ್ಕೆ ಬಿಟ್ಟರು; ಪೂರ್ವಕ್ಕೆ ಹೋಗಿ ಪಶ್ಚಿಮಕ್ಕೆ ತಿರುಗುವ ಆ ದಾರಿಯಲ್ಲಿ ಉಳಿದದ್ದು ಏನೂ ಇರಲಿಲ್ಲ. ವಾರದ ದಿನಗಳಲ್ಲಿ ಕಾಡುಗೋಡಿಯ ಪಿಜಿಯಲ್ಲಿ ಉಳಿಯುವುದನ್ನೂ ಕೆಲಕಾಲ ಮಾಡಿದರು. ದೇಹಕ್ಕೆ ವಿಶ್ರಾಂತಿ ಸಿಕ್ಕಿತು, ಆದರೆ ಮಗಳ ಅರ್ಧವಾರ್ಷಿಕ ಪರೀಕ್ಷೆಯ ಅಂಕ ಕುಸಿದಾಗ ಅದನ್ನೂ ನಿಲ್ಲಿಸಿದರು.

ಈ ನಡುವೆ ಇನ್ನೊಂದು ದಾರಿ ತೆರೆದಂತೆ ಕಂಡಿತು. ಮಾಲೂರು ತಾಲ್ಲೂಕನ್ನು ಹಾದುಹೋಗುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಕರ್ನಾಟಕದ ಭಾಗ 2024ರ ಕೊನೆಗೆ ಸಂಚಾರಕ್ಕೆ ತೆರೆದುಕೊಂಡಿತು. ಬ್ರೋಕರುಗಳು ಅದರ ಹೆಸರಿನಲ್ಲಿ ಸೈಟುಗಳನ್ನು ತೋರಿಸತೊಡಗಿದರು. ಸಾಲ ಮಾಡಿ ಒಂದು 30x40 ಸೈಟು ಹಿಡಿದುಬಿಟ್ಟರೆ ಊರಿನ ಪ್ರಶ್ನೆ ಶಾಶ್ವತವಾಗಿ ಮುಗಿಯುತ್ತದೆ ಎಂದು ಪತಿಗೆ ಅನ್ನಿಸಿತು. ಟೋಕನ್ ಕೊಡುವ ಹಂತದವರೆಗೂ ಹೋಗಿತ್ತು. ನಾನು ಆಗ ಹೇಳಿದ್ದು ಒಂದೇ ಮಾತು: ಕಾರಿಲ್ಲದ ಮನೆಗೆ ಎಕ್ಸ್‌ಪ್ರೆಸ್‌ವೇ ಹತ್ತಿರವಿದ್ದರೇನು, ದೂರವಿದ್ದರೇನು? ಅವರು ಹಿಂದೆ ಸರಿದರು. ಭೂಪರಿವರ್ತನೆ ಮತ್ತು ಇ–ಖಾತೆಯ ಪತ್ರಗಳನ್ನು ಕೇಳಿದಾಗ ಬ್ರೋಕರ್ ಕೊಟ್ಟ ಅಡ್ಡಾದಿಡ್ಡಿ ಉತ್ತರವೂ ಅದಕ್ಕೆ ಕಾರಣವಾಯಿತು.

ತಿರುವು

ನಿಜವಾದ ತಿರುವು ಬಂದದ್ದು ಪತಿಯ ತಾಯಿಯಿಂದ. ಮಗ ಸೊಸೆ ಇಬ್ಬರೂ ಮತ್ತೊಮ್ಮೆ ‘ಕೋಲಾರ ಬಿಟ್ಟರೆ ಕಾರ್ಖಾನೆಗೆ ದೂರವಾಗುತ್ತದೆ’ ಎಂಬಲ್ಲಿಗೇ ಬಂದು ನಿಂತಾಗ ಅವರು ಹೇಳಿದ್ದನ್ನು ಪತಿ ನನಗೆ ಹಾಗೆಯೇ ಒಪ್ಪಿಸಿದರು: “ನಿನ್ ಬಸ್ಸು ಮನಿ ಹತ್ರ ಬಂದು ಕರ್ಕೊಂಡು ಹೋಗ್ತತಿ. ಅಕಿಗೆ ಯಾವ ಬಸ್ಸು ಬರ್ತತಿ?”

ಇದಾದ ಮೇಲೆ ಲೆಕ್ಕ ಹಾಕುವ ರೀತಿಯೇ ಬದಲಾಯಿತು. ಅದುವರೆಗೆ ಪ್ರತಿ ಊರನ್ನೂ ನರಸಾಪುರದಿಂದ ಎಷ್ಟು ದೂರ ಎಂದು ಅಳೆಯುತ್ತಿದ್ದರು. ಈಗ ಮಗಳ ನೋಟ್‌ಬುಕ್ಕಿನ ಎರಡು ಪುಟಗಳಲ್ಲಿ ನಾಲ್ವರ ಇಡೀ ದಿನವನ್ನು ಬರೆದರು: ಯಾರು ಎಷ್ಟು ಹೊತ್ತಿಗೆ ಹೊರಡಬೇಕು, ಯಾವ ವಾಹನ, ಜೊತೆಗೆ ಯಾರಾದರೂ ಬೇಕೇ, ವಾಪಸ್ ಬರುವಾಗ ಕತ್ತಲಾಗಿರುತ್ತದೆಯೇ. ಕಡೆಯ ಕಲಮು ಮಗಳ ಸೇರ್ಪಡೆ: ‘ತಪ್ಪಿದರೆ ಮುಂದಿನದು ಯಾವಾಗ?’ ಆ ಪುಟಗಳ ಫೋಟೊ ನನ್ನ ಬಳಿ ಇದೆ. ಪತಿಯ ಸಾಲಿನಲ್ಲಿ ಎಲ್ಲ ಊರಿಗೂ ಏನಾದರೊಂದು ಉತ್ತರವಿತ್ತು. ಪತ್ನಿಯ ಸಾಲಿನಲ್ಲಿ ಕೋಲಾರದ ಮುಂದೆ ಬರೆದ ಸಮಯಗಳನ್ನು ಎರಡು ಸಲ ಹೊಡೆದು ತಿದ್ದಿದ್ದರು.

ಬಳಿಕ ರಜೆಯ ದಿನ ಮನೆ ನೋಡಲು ಹೋಗುವ ರೂಢಿಯನ್ನು ಬಿಟ್ಟು, ಕೆಲಸದ ದಿನವೇ ಆಯಾ ಊರಿನಿಂದ ಹೊರಟು ನೋಡಿದರು. ಪತ್ನಿ ಹೊಸಕೋಟೆಯ ಪರಿಚಿತರ ಮನೆಯಲ್ಲಿ ಉಳಿದು ಸೋಮವಾರದ ಬೆಳಗ್ಗೆ ಹೊರಟರು. ದೂರ ಕಡಿಮೆಯಿದ್ದರೂ ಕಾಡುಗೋಡಿಯ ವರೆಗಿನ ವಾಹನ ದಟ್ಟಣೆಯಲ್ಲಿ ಸಮಯ ಕೈಗೆ ಸಿಗಲಿಲ್ಲ. ಮಾಲೂರಿನಿಂದ ಹೊರಟ ದಿನ ರೈಲು ಅರ್ಧ ಗಂಟೆಯ ಆಸುಪಾಸಿನಲ್ಲಿ ವೈಟ್‌ಫೀಲ್ಡ್ ಮುಟ್ಟಿಸಿತು. ಕೂರಲು ಜಾಗವಿರಲಿಲ್ಲ, ಮಾಲೂರಿನಲ್ಲಿ ಹತ್ತುವವರು ಬಂಗಾರಪೇಟೆಯಲ್ಲಿ ತುಂಬಿಕೊಂಡ ಬೋಗಿಗೆ ಹತ್ತುತ್ತಾರೆ. ಆ ರೈಲು ತಪ್ಪಿದರೆ ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕು, ಇಲ್ಲವೆ ಹೊಸಕೋಟೆ ಮೂಲಕ ಬಸ್ಸಿನಲ್ಲಿ ಸುತ್ತಬೇಕು. ಅಷ್ಟಾದರೂ ರೈಲು ಹೊರಟ ಮೇಲೆ ಮುಟ್ಟುವ ಹೊತ್ತು ಗೊತ್ತಿತ್ತು, ಸಂಜೆ ಮನೆಗೆ ಬರುವ ಹೊತ್ತನ್ನು ಮಗಳಿಗೆ ಹೇಳಿ ಹೋಗಬಹುದಿತ್ತು. ಪತ್ನಿ ಮಾಲೂರನ್ನು ಆರಿಸಿದ್ದು ಈ ಕಾರಣಕ್ಕೆ.

ಆರಿಸಿದ ಮಾತ್ರಕ್ಕೆ ಹೊರಡಲಾಗಲಿಲ್ಲ, ಏಕೆಂದರೆ ಎರಡು ಗಂಟುಗಳಿದ್ದವು. ಒಂದು, ಎಸ್‌ಎಸ್‌ಎಲ್‌ಸಿ ನಡುವೆ ಶಾಲೆ ಬದಲಿಸುವ ಮಾತೇ ಇರಲಿಲ್ಲ. ಇದನ್ನು ಅವರು ಸರಿಯಾಗಿಯೇ ನಿಭಾಯಿಸಿದರು: 2025ರ ಮಾರ್ಚ್–ಏಪ್ರಿಲ್‌ನ ಪರೀಕ್ಷೆ ಮುಗಿಯುವವರೆಗೆ ಕೋಲಾರದಲ್ಲೇ ಇರುವುದೆಂದು ನಿಶ್ಚಯಿಸಿ, ಪತ್ನಿ ಪ್ರಯೋಗಾಲಯದವರೊಡನೆ ಮಾತನಾಡಿ ಆ ತಿಂಗಳುಗಳಿಗೆ ವಾರಕ್ಕೆ ಒಂದು ದಿನ ಕಡಿಮೆ ಮಾಡಿಸಿಕೊಂಡು ಅಷ್ಟು ಸಂಬಳ ಬಿಟ್ಟುಕೊಟ್ಟರು. ಕೊನೆಯ ದಿನಾಂಕ ಕಣ್ಣಿಗೆ ಕಂಡ ಮೇಲೆ ಅದೇ ಐದು ಗಂಟೆಯ ಪ್ರಯಾಣ ಸಹ್ಯವಾಯಿತು ಎಂದು ಅವರು ಆಮೇಲೆ ಹೇಳಿದರು. ರಾಜೀನಾಮೆಯ ಪತ್ರ ಕೊಡದೆಯೇ ಉಳಿಯಿತು.

ಎರಡನೆಯ ಗಂಟು ಭೋಗ್ಯ. ಮಾಲೀಕರು ಆ ಹಣವನ್ನು ತಮ್ಮ ಬೇರೊಂದು ಕಟ್ಟಡಕ್ಕೆ ಹಾಕಿಬಿಟ್ಟಿದ್ದರು. ಹೊಸ ಭೋಗ್ಯದವರು ಸಿಕ್ಕಿ ಅವರು ಹಣ ಕೊಟ್ಟ ಮೇಲೆಯೇ ಇವರಿಗೆ ಕೊಡುವುದಾಗಿ ಹೇಳಿದರು. ಅದು ಮೋಸವೇನಲ್ಲ; ಇಂಥ ವ್ಯವಹಾರಗಳಲ್ಲಿ ಹಣ ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದು ಹೀಗೆಯೇ. ಆದರೆ ಇವರ ಕೈಯಲ್ಲಿದ್ದ ಕಾಗದ ನೋಂದಣಿಯಾಗದ ಕಾರಣ, ಒತ್ತಾಯಿಸುವುದಕ್ಕಿಂತ ಒಡಂಬಡಿಕೆಯೇ ಲೇಸೆಂದು ವಕೀಲರು ಸಲಹೆ ಮಾಡಿದರು. ಹೊಸಬರನ್ನು ಹುಡುಕುವ ಕೆಲಸವನ್ನು ಪತಿಯೇ ವಹಿಸಿಕೊಂಡು, ಕಾರ್ಖಾನೆಯ ಸೂಚನಾ ಫಲಕದಲ್ಲಿ ಚೀಟಿ ಅಂಟಿಸಿ, ಕಡೆಗೆ ಹೊಸದಾಗಿ ಸೇರಿದ ಒಬ್ಬರನ್ನು ಒಪ್ಪಿಸಿದರು. ಹಣ ಎರಡು ಕಂತಿನಲ್ಲಿ ಬಂತು. ನಡುವಿನ ತಿಂಗಳುಗಳಿಗೆ ಮಾಲೂರಿನ ಮನೆಯ ಅಡ್ವಾನ್ಸ್ ಕಟ್ಟಲು ಪತ್ನಿ ಒಡವೆ ಅಡವಿಟ್ಟಿದ್ದರು.

ಆದದ್ದು

2025ರ ಬೇಸಿಗೆಯಲ್ಲಿ ಕುಟುಂಬ ಮಾಲೂರಿನಲ್ಲಿ, ನಿಲ್ದಾಣಕ್ಕೆ ನಡೆದು ಹೋಗಬಹುದಾದ ಬೀದಿಯಲ್ಲಿ, ಹನ್ನೊಂದು ತಿಂಗಳ ಕರಾರಿನ ಬಾಡಿಗೆ ಮನೆ ಹಿಡಿಯಿತು. ಪತ್ನಿಯ ಪ್ರಯಾಣದ ಹೊತ್ತು ಅರ್ಧಕ್ಕೂ ಕೆಳಗಿಳಿಯಿತು. ಮಗಳು ವೈಟ್‌ಫೀಲ್ಡ್ ಕಡೆಯ ಪಿಯು ಕಾಲೇಜಿಗೆ ಸೇರಿದುದರಿಂದ ಬೆಳಗ್ಗೆ ತಾಯಿ ಮಗಳು ಒಂದೇ ರೈಲು ಹತ್ತುತ್ತಾರೆ. ಇದು ಯೋಜನೆಯಲ್ಲಿ ಇರಲಿಲ್ಲ, ತಾನಾಗಿ ಒದಗಿದ ಲಾಭ. ಬಸ್ಸಿಗೆ ಹಣ ಕೊಡಬೇಕಿರಲಿಲ್ಲ, ಈಗ ರೈಲಿನ ಸೀಸನ್ ಪಾಸಿಗೂ ಮೆಟ್ರೊಗೂ ಹಣ ಬೇಕು, ತಿಂಗಳ ಬಾಡಿಗೆಯೂ ಹೊಸ ಖರ್ಚು. ಆದರೂ ಪತ್ನಿಗೆ ಪೂರ್ಣ ಸಂಬಳ ಬರುತ್ತಿರುವುದರಿಂದ ಒಟ್ಟು ಲೆಕ್ಕ ಹಿಂದಿಗಿಂತ ಮೇಲಿದೆ.

ಪತಿಯ ಪಾಲಿಗೆ ಮಾಲೂರು ತುಸು ಕಷ್ಟದ ಊರು. ಅಲ್ಲಿಂದ ಕಾರ್ಖಾನೆಯ ವಾಹನ ಮೊದಲ ಮತ್ತು ಎರಡನೆಯ ಪಾಳಿಗೆ ಮಾತ್ರ ಇದೆ. ರಾತ್ರಿ ಪಾಳಿಯ ವಾರ ಅವರು ಮಾಲೂರು–ನರಸಾಪುರ ರಸ್ತೆಯಲ್ಲಿ ಇಟ್ಟಿಗೆ ಲಾರಿಗಳ ನಡುವೆ ಸ್ಕೂಟರ್ ಓಡಿಸಬೇಕಾಗಿತ್ತು. ಮಳೆಗಾಲದಲ್ಲಿ ಒಮ್ಮೆ ಜಾರಿ ಬಿದ್ದು ಮೊಣಕೈಗೆ ಹೊಲಿಗೆ ಬಿದ್ದ ಮೇಲೆ, ಅದೇ ಊರಿನ ಸಹೋದ್ಯೋಗಿಯೊಬ್ಬರ ಕಾರಿನಲ್ಲಿ ಪೆಟ್ರೋಲ್ ಖರ್ಚು ಹಂಚಿಕೊಂಡು ಹೋಗತೊಡಗಿದ್ದಾರೆ.

ಹೆಚ್ಚು ಕಳೆದುಕೊಂಡವರು ಪತಿಯ ತಾಯಿ. ತಿಂಗಳ ಪರೀಕ್ಷೆಗೆ ಮಾಲೂರಿನ ತಾಲ್ಲೂಕು ಆಸ್ಪತ್ರೆ ಸಾಕಾಗುತ್ತದೆ; ಕಣ್ಣಿನ ಮತ್ತು ಮೂತ್ರಪಿಂಡದ ತಪಾಸಣೆಗೆ ಈಗಲೂ ಟಮಕಕ್ಕೇ ಹೋಗುತ್ತಾರೆ, ಅದಕ್ಕೆ ಮಗನ ವಾರದ ರಜೆ ಕಾಯಬೇಕು. ಹಗಲಿಡೀ ಮನೆಯಲ್ಲಿ ಅವರೊಬ್ಬರೇ. ಊರು ಆರಿಸಲು ದಾರಿ ತೋರಿದವರೇ ಆ ಆಯ್ಕೆಯ ಬೆಲೆ ತೆರುತ್ತಿದ್ದಾರೆ ಎಂಬುದು ಮನೆಯವರೆಲ್ಲರಿಗೂ ಗೊತ್ತಿದೆ. ನೋಟ್‌ಬುಕ್ಕಿನ ಆ ಪುಟಗಳಲ್ಲಿ ಅವರ ಹೆಸರಿನ ಮುಂದೆ ‘ಆಸ್ಪತ್ರೆ’ ಎಂದಷ್ಟೇ ಬರೆದಿತ್ತು. ಶುಕ್ರವಾರದ ಗುಡಿ, ಸೊಪ್ಪಿನವಳ ಮಾತು ಯಾವ ಕಲಮಿನಲ್ಲೂ ಬಂದಿರಲಿಲ್ಲ.

ಪ್ರಕರಣದಿಂದ ತಿಳಿಯುವುದು

ಉದ್ಯೋಗಕ್ಕಾಗಿ ಊರು ಬದಲಿಸುವವರು ಉದ್ಯೋಗದ ಸ್ಥಳಕ್ಕೆ ಹತ್ತಿರದ ಪಟ್ಟಣವನ್ನೇ ಹುಡುಕುವುದು ಸಹಜ. ಆದರೆ ನರಸಾಪುರದಂಥ ಕಡೆ ಕಾರ್ಖಾನೆಯೇ ವಾಹನ ಕಳಿಸುವುದರಿಂದ, ನೌಕರನ ದೂರ ಮನೆಯಲ್ಲಿ ಅತಿ ಅಗ್ಗದ ದೂರ. ಕರೆದೊಯ್ಯುವ ವಾಹನವಿಲ್ಲದವರ ದೂರವನ್ನು ಮೊದಲು ಅಳೆದಿದ್ದರೆ ಈ ಕುಟುಂಬ ಮೊದಲ ವರ್ಷವೇ ಮಾಲೂರಿಗೆ ಹೋಗುತ್ತಿತ್ತೇ? ಹಾಗೆ ಹೇಳಲಾರೆ. ಪತ್ನಿಗೆ ಆಗ ವೈಟ್‌ಫೀಲ್ಡಿನ ಕೆಲಸವಿರಲಿಲ್ಲ. ಇದ್ದ ಮಾಹಿತಿಗೆ ಕೋಲಾರ ಸರಿಯಾದ ಉತ್ತರವೇ ಆಗಿತ್ತು. ಆದರೆ ಒಬ್ಬರ ಉದ್ಯೋಗದ ಪ್ರಶ್ನೆ ತೀರ್ಮಾನವಾಗದೆ ಉಳಿದಿರುವಾಗ ಮೂರು ವರ್ಷದ ಭೋಗ್ಯಕ್ಕೆ ಕೈಹಾಕಬಾರದಿತ್ತು. ಬಾಡಿಗೆ ಉಳಿಸಿದ ಆ ವ್ಯವಹಾರ ಅವರ ಬಳಿ ಇದ್ದ ಒಂದೇ ಸ್ವಾತಂತ್ರ್ಯವನ್ನು, ತಪ್ಪೆನಿಸಿದರೆ ಊರು ಬಿಡುವ ಸ್ವಾತಂತ್ರ್ಯವನ್ನು, ಕಟ್ಟಿಹಾಕಿತು. ಭೋಗ್ಯ ಬೇಕೇ ಬೇಕು ಎನ್ನುವವರು ನೋಂದಣಿ ಮಾಡಿಸಿ, ಅವಧಿಗೆ ಮುನ್ನ ಬಿಟ್ಟರೆ ಎಷ್ಟು ತಿಂಗಳ ಮುನ್ಸೂಚನೆ, ಎಷ್ಟು ದಿನದಲ್ಲಿ ಹಣ ಎಂಬುದನ್ನು ಬರೆಸಿಕೊಳ್ಳಬೇಕು. ನನ್ನನ್ನು ಕೇಳಿದರೆ ಹೊಸ ಊರಿನಲ್ಲಿ ಮೊದಲ ವರ್ಷ ಹನ್ನೊಂದು ತಿಂಗಳ ಬಾಡಿಗೆ ಕರಾರೇ ಸರಿ, ಸೈಟಿನ ಮಾತಂತೂ ಬೇಡ.

ಮಕ್ಕಳ ಶಾಲೆಯ ವಿಷಯದಲ್ಲಿ ಈ ಕುಟುಂಬ ಮಾಡಿದ್ದು ಅನುಕರಣೀಯ. ಎಂಟು ಮುಗಿದ ಮೇಲೆ ಬಂದರು, ಹತ್ತು ಮುಗಿದ ಮೇಲೆ ಹೊರಟರು. ನಡುವೆ ಎಷ್ಟೇ ತೊಂದರೆಯಾದರೂ ಆ ಎರಡು ವರ್ಷವನ್ನು ಕದಲಿಸಲಿಲ್ಲ. ಊರು ಬದಲಾವಣೆಗೆ ಮನೆಯ ಕರಾರಿಗಿಂತ ಶಾಲೆಯ ವರ್ಷ ಒಳ್ಳೆಯ ಗಡಿಯಾರ.

‘ತಪ್ಪಿದರೆ ಮುಂದಿನದು ಯಾವಾಗ’ ಎಂಬ ಕಲಮನ್ನು ನಾನೀಗ ಹೊಸಬರಿಗೆಲ್ಲ ಹೇಳುತ್ತೇನೆ. ಬ್ರೋಕರ್ ಹೇಳುವ ಸಮಯ ಎಲ್ಲವೂ ಸರಿಯಿದ್ದ ದಿನದ್ದು. ಬಸ್ಸು ಕೆಟ್ಟ ದಿನ, ಟ್ಯಾಂಕರ್ ಬಾರದ ವಾರ, ರಾತ್ರಿ ಹನ್ನೊಂದಕ್ಕೆ ಅಜ್ಜಿಗೆ ಎದೆನೋವು ಬಂದ ಹೊತ್ತು ಆ ಊರು ಹೇಗಿರುತ್ತದೆ ಎಂದು ಅಲ್ಲಿ ಈಗಾಗಲೇ ಇರುವ ಇಬ್ಬರನ್ನಾದರೂ ಕೇಳಬೇಕು. ಅದರ ಜೊತೆಗೆ ಹಿರಿಯರಿರುವ ಮನೆಯವರಿಗೆ ಇನ್ನೊಂದು ಕಲಮು ಸೇರಿಸಲು ಹೇಳುತ್ತಿದ್ದೇನೆ: ಹಗಲಲ್ಲಿ ಅವರೊಡನೆ ಮಾತನಾಡುವವರು ಯಾರು? ಈ ಪ್ರಕರಣದಲ್ಲಿ ಅದನ್ನು ಕೇಳಿದ್ದರೂ ಉತ್ತರ ಮಾಲೂರೇ ಆಗುತ್ತಿತ್ತೇನೋ, ಆದರೆ ನಿಲ್ದಾಣದ ಬಳಿಯ ಬೀದಿಗೆ ಬದಲು ಗುಡಿಯ ಬಳಿಯ ಬೀದಿಯನ್ನು ಆರಿಸಬಹುದಿತ್ತು ಎಂದು ಪತ್ನಿಯೇ ಹೇಳುತ್ತಾರೆ. ಮಾಲೂರಿನ ಮಟ್ಟಿಗೆ ಅದು ಐದು ನಿಮಿಷದ ಆಟೋ ವ್ಯತ್ಯಾಸ.

ನಮ್ಮ ವಿಭಾಗಕ್ಕೂ ಇದರಲ್ಲಿ ಪಾಠವಿದೆ. ವಾಹನದ ಮಾರ್ಗಗಳನ್ನು ನೌಕರರು ಈಗ ಎಲ್ಲಿದ್ದಾರೆ ಎಂಬುದರ ಮೇಲೆ ನಿರ್ಧರಿಸುತ್ತಾ ಬಂದಿದ್ದೇವೆ. ಬಸ್ಸಿರುವ ಕಡೆಗೇ ಜನ ಹೋಗುತ್ತಾರಾದ್ದರಿಂದ ಕೋಲಾರದ ಪಟ್ಟಿ ಬೆಳೆಯುತ್ತಲೇ ಇರುತ್ತದೆ. ಕಳೆದ ಸಲ ಹೊಸದಾಗಿ ಸೇರಿದವರ ಅರ್ಜಿಯಲ್ಲಿ, ಮನೆಯಲ್ಲಿ ಬೇರೆ ಯಾರು ಎಲ್ಲಿ ದುಡಿಯುತ್ತಾರೆ ಎಂಬ ಒಂದು ಸಾಲನ್ನು ಸೇರಿಸಿದೆವು. ವೈಟ್‌ಫೀಲ್ಡ್, ಕಾಡುಗೋಡಿ ಎಂದು ಬರೆದವರ ಸಂಖ್ಯೆ ಒಂದು ಸಣ್ಣ ವ್ಯಾನಿಗೆ ಸಾಕಾಗುವಷ್ಟಿದೆ. ಮಾಲೂರಿನಿಂದ ರಾತ್ರಿ ಪಾಳಿಗೂ ವಾಹನ ಬಿಡಬೇಕೆಂಬ ಪ್ರಸ್ತಾವವನ್ನು ಆ ಆಧಾರದ ಮೇಲೆ ಆಡಳಿತದ ಮುಂದಿಟ್ಟಿದ್ದೇವೆ, ಇನ್ನೂ ಮಂಜೂರಾಗಿಲ್ಲ.